ಎಪ್ಪತ್ತು ಅಡಿಯಲ್ಲಿ ಎಪ್ಪತ್ತೆರಡು ಹಾಸಿಗೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಕರೆಂಟು ಹೋಗಿದ್ದನ್ನೂ ಕಪ್ಪುಹಲಗೆಯ ಮೇಲೆ ನಾನು ಬರೆದ ಸೊಟ್ಟ ಚಿತ್ರಗಳನ್ನೂ ಬಿಟ್ಟಿದ್ದೇನೆ. ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಪದದ ಲೆಕ್ಕ ಚುಕ್ತಾ ಮಾಡಿಬಿಡೋಣ. ನಾವೆಲ್ಲ ‘ಬೋಗಿ’ ಎನ್ನುತ್ತೇವೆ. ಪ್ಲಾಟ್‌ಫಾರಂ ಮೇಲೆ ಪೋರ್ಟರನ್ನು ನಿಲ್ಲಿಸಿ ‘ನಮ್ಮ ಬೋಗಿ ಎಲ್ಲಿ ಬರುತ್ತದೆ?’ ಎಂದು ಕೇಳುತ್ತೇವೆ. ಅದೇ ರೈಲ್ವೆ ವರ್ಕ್‌ಶಾಪಿನೊಳಗೆ ನಿಂತು ‘ಬೋಗಿ ತೆಗೆಯಿರಿ’ ಎಂದರೆ ಅಲ್ಲಿನವರು ನೀವು ಕೂರುವ ಮನೆಯನ್ನು ಕ್ರೇನಿನಿಂದ ಮೇಲಕ್ಕೆತ್ತಿ, ಅದರ ಕೆಳಗಿರುವ ನಾಲ್ಕು ಚಕ್ರದ ಬಂಡಿಯನ್ನು ಹೊರಗೆ ಉರುಳಿಸುತ್ತಾರೆ. ಅವರ ಪಾಲಿಗೆ ಬೋಗಿ ಎಂದರೆ ಆ ಬಂಡಿ. ಹಿಂದೆ ಗಾಡಿಗಳು ಗಿಡ್ಡವಾಗಿದ್ದವು, ಅಚ್ಚುಗಳನ್ನು ನೇರವಾಗಿ ಗಾಡಿಗೇ ಬಿಗಿದಿರುತ್ತಿದ್ದರು. ತಿರುವಿನಲ್ಲಿ ತಾನೇ ತಿರುಗಿಕೊಳ್ಳುವ ಬಂಡಿಗಳನ್ನು ಎರಡು ತುದಿಗೆ ಕೊಟ್ಟು ಉದ್ದದ ಗಾಡಿ ಮಾಡಿದಾಗ ಅದಕ್ಕೆ ‘ಬೋಗಿ ಗಾಡಿ’ ಎಂಬ ಹೆಸರು ಬಂತು. ನಮ್ಮ ಬಾಯಲ್ಲಿ ಗಾಡಿ ಉದುರಿತು, ಬೋಗಿ ಉಳಿಯಿತು. ಇದನ್ನು ತಪ್ಪು ಎಂದು ತಿದ್ದಲು ನಾನು ಬಂದಿಲ್ಲ. ಊರೆಲ್ಲ ಒಪ್ಪಿದ ಪದವನ್ನು ತಿದ್ದುವವನು ಊರಿಗೆ ಬೇಡವಾಗುತ್ತಾನೆ. ಇಂದು ನಾನೂ ಇಡೀ ಗಾಡಿಗೆ ಬೋಗಿ ಎಂದೇ ಹೇಳುತ್ತೇನೆ, ಕೆಳಗಿನದಕ್ಕೆ ಚಕ್ರಬಂಡಿ ಎನ್ನುತ್ತೇನೆ.

ಈಗ ಎರಡನೆಯ ಪ್ರಶ್ನೆ. ಸ್ಲೀಪರ್ ಬೋಗಿಯ ಕೊನೆಯ ಬರ್ತ್ ಸಂಖ್ಯೆ ಎಷ್ಟು? ಇಲ್ಲಿ ಕೂತಿರುವವರಲ್ಲಿ ಕೂದಲು ನೆರೆತವರು ಥಟ್ಟನೆ 72 ಎಂದಿರಿ. ಹಿಂದಿನ ಸಾಲಿನ ಹುಡುಗರು 80 ಎಂದರು. ಇಬ್ಬರೂ ಸರಿ. ಆ ಎರಡು ಉತ್ತರಗಳ ನಡುವೆ ಏನಾಯಿತು ಎಂಬುದೇ ಇವತ್ತಿನ ಮಾತು.

ಸ್ವಾತಂತ್ರ್ಯ ಬಂದಾಗ ನಮ್ಮ ರೈಲುಗಳಲ್ಲಿ ಓಡುತ್ತಿದ್ದುದರಲ್ಲಿ ದೊಡ್ಡ ಪಾಲು ಮರದ ಮೈಯ ಬೋಗಿಗಳು. ಕೆಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ತೇಗದ ಮನೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಇದೆಯಲ್ಲ, ಅದನ್ನು ನೋಡಿದವರಿಗೆ ಆ ಕಾಲದ ಬಡಗಿಗಳ ಕೈಚಳಕ ಗೊತ್ತು. ಚೆಂದವೇನೋ ಚೆಂದ. ಆದರೆ ಅದರ ಕಟ್ಟುವಿಕೆ ನಮ್ಮ ಕಮಾನು ಗಾಡಿಯ ಹಾಗೆ. ಭಾರವೆಲ್ಲ ಕೆಳಗಿನ ಮೂಕಿ, ಅಚ್ಚುಗಳ ಮೇಲೆ. ಮೇಲಿನ ಕಮಾನು ನೆರಳಿಗಷ್ಟೇ. ಎರಡು ರೈಲು ಡಿಕ್ಕಿ ಹೊಡೆದಾಗ ಒಂದು ಬೋಗಿಯ ಉಕ್ಕಿನ ಚೌಕಟ್ಟು ಇನ್ನೊಂದರ ಚೌಕಟ್ಟಿನ ಮೇಲೇರಿ, ಮೇಲಿನ ಮರದ ಮನೆಯನ್ನು ಸೀಳಿಕೊಂಡು ಒಳಗೆ ನುಗ್ಗುತ್ತಿತ್ತು. ಅಡುಗೆಮನೆಯಲ್ಲಿ ಸೇರಿನೊಳಗೆ ಪಾವು, ಪಾವಿನೊಳಗೆ ಚಟಾಕು ಇಟ್ಟಿರುತ್ತೇವಲ್ಲ, ಹಾಗೆ ಬೋಗಿಯೊಳಗೆ ಬೋಗಿ. ಒಳಗಿದ್ದವರ ಗತಿ ಹೇಳಬೇಕಿಲ್ಲ. ಸಾಲದ್ದಕ್ಕೆ ಮರಕ್ಕೆ ಬೆಂಕಿಯ ಭಯ ಬೇರೆ.

ಇದಕ್ಕೆ ಪರಿಹಾರ ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಜ್ಯೂರಿಕ್ ನಗರದ ಮಗ್ಗುಲಲ್ಲಿ ಶ್ಲೀರೆನ್ ಎಂಬ ಊರಿದೆ. ಅಲ್ಲೊಂದು ಕಾರ್ಖಾನೆ ಇತ್ತು. ಅದರ ಹೆಸರಿನ ಅರ್ಥ ಸ್ವಿಸ್ ರೈಲುಗಾಡಿ ಮತ್ತು ಲಿಫ್ಟ್ ಕಾರ್ಖಾನೆ ಎಂದು. ಒಬ್ಬರೇ ಲಿಫ್ಟನ್ನೂ ರೈಲನ್ನೂ ಮಾಡುವುದು ನಮಗೆ ವಿಚಿತ್ರವಾಗಿ ಕಂಡೀತು, ಆದರೆ ಯೋಚಿಸಿ ನೋಡಿದರೆ ಎರಡೂ ಹಳಿಯ ಮೇಲೆ ಜನರನ್ನು ಸಾಗಿಸುವ ಪೆಟ್ಟಿಗೆಗಳೇ; ಒಂದು ಅಡ್ಡ ಹೋಗುತ್ತದೆ, ಇನ್ನೊಂದು ನೆಟ್ಟಗೆ. ಭಾರತ ಸರ್ಕಾರ 1949ರಲ್ಲಿ ಈ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮದರಾಸಿನ ಪೆರಂಬೂರಿನಲ್ಲಿ ಕಾರ್ಖಾನೆ ಎದ್ದಿತು. 1955ರ ಅಕ್ಟೋಬರ್ 2ರಂದು ನೆಹರೂ ಅದನ್ನು ಉದ್ಘಾಟಿಸಿದರು. ಅದರ ಹೆಸರು ಇಂಟಿಗ್ರಲ್ ಕೋಚ್ ಫ್ಯಾಕ್ಟರಿ, ಐಸಿಎಫ್.

ಆ ‘ಇಂಟಿಗ್ರಲ್’ ಎಂಬ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಥೆಯ ಬೇರು ಅಲ್ಲೇ ಇದೆ.

ಒಂದು ಬಿದಿರಿನ ಬೊಂಬನ್ನು ನೆನಪಿಸಿಕೊಳ್ಳಿ. ಒಳಗೆ ಟೊಳ್ಳು. ಭಾರ ಹೊರಲು ನಡುವೆ ದಿಂಡೇನೂ ಇಲ್ಲ. ಆದರೂ ಅದರ ಮೇಲೆ ಮನೆಯ ಚಾವಣಿ ನಿಲ್ಲಿಸುತ್ತೇವೆ. ಬೊಂಬಿನಲ್ಲಿ ಭಾರ ಹೊರುವುದು ಅದರ ಚರ್ಮವೇ, ಸುತ್ತಲಿನ ತೆಳುವಾದ ಗೋಡೆಯೇ. ಐಸಿಎಫ್ ಬೋಗಿಯ ತತ್ವವೂ ಇಷ್ಟೇ. ನೆಲ, ಎರಡು ಪಕ್ಕದ ಗೋಡೆ, ಎರಡು ತುದಿ, ಚಾವಣಿ, ಎಲ್ಲವನ್ನೂ ಬೆಸುಗೆ ಹಾಕಿ ಒಂದೇ ಕೊಳವೆ ಮಾಡಿದರು. ಭಾರವನ್ನು ಎಲ್ಲರೂ ಹಂಚಿಕೊಂಡು ಹೊರುತ್ತಾರೆ. ನೀವು ಒರಗಿ ಕೂರುವ ಕಿಟಕಿ ಪಕ್ಕದ ಗೋಡೆಯೂ ಹೊರುತ್ತದೆ. ನೆಲಕ್ಕೆ ಹಾಸಿದ ತಗಡು ಚಪ್ಪಟೆಯಾಗಿರದೆ ಅಲೆಅಲೆಯಾಗಿರುವುದೂ ಇದಕ್ಕೇ: ಅಡ್ಡ ಮಡಿಕೆ ಬಿದ್ದ ಕಾಗದ ನೆಟ್ಟಗೆ ನಿಲ್ಲುತ್ತದೆ, ಚಪ್ಪಟೆ ಕಾಗದ ಬಾಗುತ್ತದೆ. ಇನ್ನು ಡಿಕ್ಕಿಯ ವಿಷಯ. ಬೋಗಿಯ ಎರಡೂ ತುದಿಗಳಲ್ಲಿ, ಶೌಚಾಲಯ ಮತ್ತು ಬಾಗಿಲಿನ ಜಾಗದಲ್ಲಿ, ಪೆಟ್ಟು ಬಿದ್ದರೆ ಮೊದಲು ಅಲ್ಲೇ ನುಜ್ಜುಗುಜ್ಜಾಗಿ ನಡುವಿನ ಜನರಿರುವ ಭಾಗ ಉಳಿಯುವಂತೆ ರಚನೆ ಮಾಡಿದರು. ಬಾಗಿಲ ಬಳಿ ನಿಂತು ಪ್ರಯಾಣ ಮಾಡಬೇಡಿ ಎಂದು ಮನೆಯಲ್ಲಿ ಹಿರಿಯರು ಗದರುವುದು ಹೊರಗೆ ಬಿದ್ದೀರಿ ಎಂಬ ಭಯದಿಂದ. ಇಂಜಿನಿಯರುಗಳ ಬಳಿ ಇನ್ನೊಂದು ಕಾರಣವೂ ಇದೆ.

ಮೊದಲು ಪೆರಂಬೂರಿನಲ್ಲಿ ತಯಾರಾಗುತ್ತಿದ್ದುದು ಬರೀ ಉಕ್ಕಿನ ಕವಚ. ಒಳಗಿನ ಸೀಟು, ದೀಪ, ಫ್ಯಾನುಗಳ ಕೆಲಸ ಬೇರೆಡೆ ನಡೆಯುತ್ತಿತ್ತು. ಒಳಾಂಗಣದ ಘಟಕ ಅಲ್ಲೇ ಶುರುವಾದದ್ದು 1962ರಲ್ಲಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹುಟ್ಟಿದ ದಿನದಿಂದಲೂ ಈ ಬೋಗಿಯಲ್ಲಿ ಹೊರಗಿನ ಕವಚ ಒಂದು ಕಥೆ, ಒಳಗಿನ ಸಂಸಾರ ಇನ್ನೊಂದು ಕಥೆ. ಕವಚ ಸ್ವಿಸ್ಸರದು, ಒಳಗಿನ ಸಂಸಾರ ಪೂರ್ತಿ ನಮ್ಮದು. ಶ್ಲೀರೆನ್‌ನ ಆ ಕಾರ್ಖಾನೆ 1985ರಲ್ಲಿ ಬಾಗಿಲು ಹಾಕಿತು. ಅದರ ಬೋಗಿಯನ್ನು ನಾವು ಅದಾದ ಮೇಲೂ ಮೂವತ್ತಮೂರು ವರ್ಷ ಮಾಡುತ್ತಲೇ ಇದ್ದೆವು.

ಇನ್ನು ಲೆಕ್ಕಕ್ಕೆ ಬರೋಣ. ಬೋಗಿಯ ಮೈಯ ಉದ್ದ 21.337 ಮೀಟರ್. ನನ್ನ ವಯಸ್ಸಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಎಪ್ಪತ್ತು ಅಡಿ. ಅಗಲ ಮೂರುಕಾಲು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಎರಡು ತುದಿಯಲ್ಲಿ ಬಾಗಿಲು, ಶೌಚಾಲಯ, ಕೈ ತೊಳೆಯುವ ಜಾಗ ಬಿಟ್ಟರೆ ಉಳಿದದ್ದರಲ್ಲಿ ಒಂಬತ್ತು ಅಂಕಣ. ಒಂದೊಂದು ಅಂಕಣದಲ್ಲಿ ಎದುರುಬದುರು ಮೂರು ಮೂರು ಬರ್ತ್, ಓಡಾಡುವ ದಾರಿಯ ಆಚೆ ಪಕ್ಕದಲ್ಲಿ ಎರಡು. ಒಟ್ಟು ಎಂಟು. ಒಂಬತ್ತೆಂಟ್ಲ ಎಪ್ಪತ್ತೆರಡು. ನಮ್ಮ ಮೂರು ತಲೆಮಾರಿನವರು ಎಲ್ಲಿ ತಲೆಯಿಟ್ಟು ಮಲಗಬೇಕು ಎಂಬುದನ್ನು ಮದರಾಸಿನ ಕಾರ್ಖಾನೆಯ ಆ ಎಪ್ಪತ್ತು ಅಡಿ ನಿರ್ಧರಿಸಿಬಿಟ್ಟಿತು.

ಈ ಬೋಗಿಯಲ್ಲಿ ಎಲ್ಲಿ ಒಳ್ಳೆಯ ನಿದ್ದೆ ಬರುತ್ತದೆ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಾಸ್ತ್ರದ ಪಾಠ ಮಾಡಿದವನಿಗೆ ಇಂಥ ಪ್ರಶ್ನೆಗಳೇ ಬರುವುದು, ಇರಲಿ. ಎರಡು ಚಕ್ರಬಂಡಿಗಳ ನಡುಮಧ್ಯದಿಂದ ನಡುಮಧ್ಯಕ್ಕೆ 14.783 ಮೀಟರ್ ದೂರ. ಎಪ್ಪತ್ತು ಅಡಿಯಲ್ಲಿ ಇದನ್ನು ಕಳೆದು ಉಳಿದದ್ದನ್ನು ಎರಡು ತುದಿಗೆ ಹಂಚಿದರೆ ಒಂದೊಂದು ಬಂಡಿಯೂ ತುದಿಯಿಂದ ಸುಮಾರು ಮೂರೂಕಾಲು ಮೀಟರ್ ಒಳಗೆ ಬರುತ್ತದೆ. ಅಂದರೆ 1ರಿಂದ 8 ಮತ್ತು 65ರಿಂದ 72ರವರೆಗಿನ ಬರ್ತ್‌ನವರು ಚಕ್ರದ ನೆತ್ತಿಯ ಮೇಲೆ ಮಲಗಿರುತ್ತಾರೆ. ಅವರಿಗೆ ಚಕ್ರದ ಸದ್ದು, ಬಾಗಿಲಿನ ಗಾಳಿ, ಶೌಚಾಲಯದ ಪರಿಮಳ ಮೂರೂ ಸಮಪಾಲು. ಮೂವತ್ತು ನಲವತ್ತರ ಆಸುಪಾಸಿನವರು ಪುಣ್ಯವಂತರು.

ಆ ಚಕ್ರಬಂಡಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಮನೆಯಲ್ಲಿ ಅಜ್ಜಿ ತೊಟ್ಟಿಲು ತೂಗುವಾಗ ಮಗು ಹೇಗೆ ಅತ್ತಿತ್ತ ತೂಗುತ್ತದೋ ಹಾಗೆಯೇ ಈ ಬಂಡಿಯಲ್ಲೂ ಒಂದು ತೊಟ್ಟಿಲಿದೆ. ಬೋಗಿಯ ಭಾರವನ್ನು ಹೊರುವ ಅಡ್ಡತೊಲೆಯನ್ನು ಬೋಲ್ಸ್ಟರ್ ಎನ್ನುತ್ತಾರೆ. ಅದು ಸುರುಳಿ ಸ್ಪ್ರಿಂಗುಗಳ ಮೇಲೆ ಕೂತಿದೆ. ಆ ಸ್ಪ್ರಿಂಗುಗಳ ಕೆಳಗಿನ ಆಧಾರವನ್ನು ಬಂಡಿಯ ಚೌಕಟ್ಟಿನಿಂದ ಕೊಂಡಿಗಳಲ್ಲಿ ನೇತುಹಾಕಿದ್ದಾರೆ. ಅದಕ್ಕೇ ಐಸಿಎಫ್ ಬೋಗಿ ಪಕ್ಕಕ್ಕೆ ಮೆತ್ತಗೆ ತೂಗುತ್ತದೆ. ಅಚ್ಚಿನ ಬಳಿ ಇನ್ನೊಂದು ಜೊತೆ ಸ್ಪ್ರಿಂಗುಗಳಿವೆ. ಅವುಗಳೊಳಗೆ ಎಣ್ಣೆ ತುಂಬಿದ ಕೊಳವೆ, ಡ್ಯಾಶ್‌ಪಾಟ್. ಸ್ಪ್ರಿಂಗು ಕುಣಿಯದಂತೆ ಹಿಡಿಯುವುದು ಅದರ ಕೆಲಸ. ಎಣ್ಣೆ ಸೋರಿಹೋದರೆ ಆ ಬೋಗಿ ಎತ್ತಿನ ಗಾಡಿ. ಒಂದು ರೈಲಿನಲ್ಲಿ ಕೆಲವು ಬೋಗಿಗಳು ಮಾತ್ರ ಮೈ ಕುಲುಕಿಸುತ್ತಿದ್ದುದನ್ನು ನೀವು ಕಂಡಿದ್ದರೆ ಬಹಳ ಸಲ ಕಾರಣ ಇಂಥ ಚಿಕ್ಕದೇ.

ಬ್ರೇಕಿನ ಬಗ್ಗೆ ಹೇಳಲು ಸಕಲೇಶಪುರದ ಘಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ ಐವತ್ತೈದು ಕಿಲೋಮೀಟರ್, ಐವತ್ತಕ್ಕೆ ಒಂದರ ಇಳಿಜಾರು. ಐಸಿಎಫ್ ಬೋಗಿಯ ಬ್ರೇಕು ಚಕ್ರದ ಅಂಚನ್ನೇ ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಎಡಕುಮೇರಿಯ ಹತ್ತಿರ ಕಿಟಕಿ ತೆರೆದರೆ ಕಾಡಿನ ವಾಸನೆಯ ಜೊತೆ ಬರುತ್ತಿದ್ದ ಆ ಸುಟ್ಟ ವಾಸನೆ ಇದರದ್ದೇ. ಹಿಡಿದಷ್ಟೂ ಚಕ್ರ ಕಾಯುತ್ತದೆ, ಸವೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಳಗಿನ ಸಂಸಾರಕ್ಕೆ ಬರುತ್ತೇನೆ. ನನಗೆ ಹೆಚ್ಚು ಪ್ರಿಯವಾದ ಭಾಗ ಇದು.

ಅದೇ ಕವಚದಲ್ಲಿ ಎಷ್ಟು ತರಹದ ಮನೆ ಕಟ್ಟಿದರು ನೋಡಿ. ಮೂರಂತಸ್ತಿನ ಸ್ಲೀಪರ್, ಎರಡಂತಸ್ತಿನ ಎಸಿ, ಬಾಗಿಲಿರುವ ಕೋಣೆಗಳ ಮೊದಲ ದರ್ಜೆ, ಕುರ್ಚಿಗಳ ಬೋಗಿ, ತೊಂಬತ್ತು ಜನರಿಗೆಂದು ಬರೆದು ಅದರ ಎರಡು ಪಟ್ಟು ತುಂಬುವ ಜನರಲ್ ಬೋಗಿ, ಸ್ವಲ್ಪ ಗಾರ್ಡಿಗೆ, ಸ್ವಲ್ಪ ಸಾಮಾನಿಗೆ ಮತ್ತು ಸ್ವಲ್ಪ ಪ್ರಯಾಣಿಕರಿಗೆ ಹಂಚಿದ ಎಸ್‌ಎಲ್‌ಆರ್, ಅಡುಗೆಯ ಪ್ಯಾಂಟ್ರಿ, ಅಂಚೆಯ ಬೋಗಿ, ಅಪಘಾತವಾದಾಗ ಓಡುವ ಪರಿಹಾರ ರೈಲು. ಒಂದು ವಠಾರದಲ್ಲಿ ಒಂದೇ ಅಳತೆಯ ಮನೆಗಳಲ್ಲಿ ಬೇರೆ ಬೇರೆ ಸಂಸಾರ ನಡೆದಂತೆ.

ಹೊರಗೆ ಬರೆದಿರುವ ಅಕ್ಷರಗಳಲ್ಲಿ ಇದೆಲ್ಲ ಇರುತ್ತದೆ. ಡಬ್ಲ್ಯು, ಜಿ, ಎಸ್, ಸಿ, ಎನ್ ಎಂದು ಬರೆದಿದ್ದರೆ ಡಬ್ಲ್ಯು ಎಂದರೆ ಪಕ್ಕದ ಬೋಗಿಗೆ ನಡೆದು ಹೋಗುವ ದಾರಿ ಇದೆ ಎಂದು; ಜಿ ಎಂದರೆ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು; ಎನ್ ಎಂದರೆ ಮೂರಂತಸ್ತು. ಸಂಖ್ಯೆಯಲ್ಲೂ ಗುಟ್ಟಿದೆ. ಮೊದಲ ಎರಡು ಅಂಕಿ ಅದು ಹುಟ್ಟಿದ ವರ್ಷ. ಕೊನೆಯ ಮೂರು ಅಂಕಿ ಅದರ ಜಾತಿ: 201ರಿಂದ 400ರವರೆಗೆ ಸ್ಲೀಪರ್, 101ರಿಂದ 150ರವರೆಗೆ ಎಸಿ ಮೂರಂತಸ್ತು, 401ರಿಂದ 600ರವರೆಗೆ ಜನರಲ್. 07231 ಎಂದಿದ್ದರೆ 2007ರಲ್ಲಿ ಹುಟ್ಟಿದ ಸ್ಲೀಪರ್. ಕ್ರಾಸಿಂಗಿಗೆ ರೈಲು ನಿಂತಾಗ ಪಕ್ಕದ ಹಳಿಯ ಬೋಗಿಗಳ ಜಾತಕ ಓದುತ್ತಾ ಕೂರುವುದು ನನ್ನ ಹಳೆಯ ಚಟ.

ಬೆಂಚಿನ ಮೇಲಿನ ಹಾಸಿನ ಕಥೆ ಹೇಳದೆ ಮುಂದೆ ಹೋಗಲಾರೆ. ಮೂರನೆಯ ದರ್ಜೆ ಎಂಬ ಹೆಸರು 1974ರಲ್ಲಿ ಹೋಯಿತು. ಹೆಸರೇನೋ ಹೋಯಿತು, ಹಲಗೆ ಹಾಗೇ ಉಳಿಯಿತು. ನಮ್ಮ ಅಮ್ಮ ಪ್ರಯಾಣಕ್ಕೆ ಹೊರಟರೆ ಟ್ರಂಕಿಗಿಂತ ಮೊದಲು ಹೋಲ್ಡಾಲ್ ಕಟ್ಟುತ್ತಿದ್ದರು. ಅದರೊಳಗೆ ಒಂದು ಜಮಖಾನ, ಒಂದು ಕಂಬಳಿ. ಬೆಳಿಗ್ಗೆ ಎದ್ದಾಗ ಹಲಗೆಪಟ್ಟಿಗಳ ಗೆರೆ ಬೆನ್ನ ಮೇಲೆ ಮೂಡಿರುತ್ತಿತ್ತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆಯವರು ಎರಡನೆಯ ದರ್ಜೆಯ ಮರದ ಬರ್ತ್‌ಗಳ ಮೇಲೆ ಎರಡಿಂಚು ದಪ್ಪದ ಫೋಮ್ ಹಾಸಿಸಿದರು. ಅಷ್ಟೇ. ಹೊಸ ಇಂಜಿನಿಲ್ಲ, ಹೊಸ ಹಳಿಯಿಲ್ಲ, ಎರಡಿಂಚು ಹಾಸು. ರೈಲ್ವೆ ಮಂತ್ರಿಗಳಾಗಿ ಹೋದವರಲ್ಲಿ ಹೆಚ್ಚಿನವರು ಹೊಸ ರೈಲುಗಳ ಹೆಸರಿನಲ್ಲಿ ನೆನಪಾಗುತ್ತಾರೆ. ನನ್ನ ಬೆನ್ನಿಗೆ ಮಾತ್ರ ಇವರೊಬ್ಬರೇ ನೆನಪು.

1969ರ ಮಾರ್ಚ್‌ನಲ್ಲಿ ಹೌರಾ ಮತ್ತು ದೆಹಲಿಯ ನಡುವೆ ಮೊದಲ ರಾಜಧಾನಿ ಓಡಿತು. ಅದೂ ಇದೇ ವಂಶದ್ದು, ಎಸಿ ಹಾಕಿಸಿಕೊಂಡದ್ದು, ಗಂಟೆಗೆ 120 ಕಿಲೋಮೀಟರ್ ಓಡಲು ತಯಾರಾದದ್ದು. ಆದರೆ ಮಧ್ಯಮ ವರ್ಗದವರ ಬದುಕನ್ನು ಬದಲಿಸಿದ್ದು ರಾಜಧಾನಿಯಲ್ಲ, 1990ರ ದಶಕದಲ್ಲಿ ಬಂದ ಎಸಿ ಮೂರಂತಸ್ತಿನ ಬೋಗಿ. ಎಂಟು ಅಂಕಣ, ಅರವತ್ತನಾಲ್ಕು ಬರ್ತ್. ಅದಕ್ಕೆ ಮೊದಲು ಎಸಿ ಎಂದರೆ ನಲವತ್ತಾರು ಬರ್ತ್‌ನ ಎರಡಂತಸ್ತು, ಅದಕ್ಕೆ ತಕ್ಕ ದರ. ಮಧ್ಯದಲ್ಲೊಂದು ಬರ್ತ್ ತೂರಿಸಿದ್ದೇ ತಡ, ದರ ಕೆಳಗಿಳಿಯಿತು, ಬ್ಯಾಂಕಿನ ಗುಮಾಸ್ತರೂ ಮೇಷ್ಟ್ರುಗಳೂ ಎಸಿಯ ಕಂಬಳಿ ಹೊದ್ದರು. ರೈಲ್ವೆಯ ಮಟ್ಟಿಗೆ ಇದರಷ್ಟು ಲಾಭದ ಯೋಚನೆ ಇನ್ನೊಂದು ಬಂದಿಲ್ಲ ಎಂದು ನನ್ನ ಅನಿಸಿಕೆ.

ತೂರಿಸುವ ಚಟ ಹತ್ತಿದ ಮೇಲೆ ನಿಲ್ಲುವುದು ಕಷ್ಟ. 2006ರಲ್ಲಿ ಗರೀಬ್ ರಥ ಬಂತು. ಅದರಲ್ಲಿ ಪಕ್ಕದ ಎರಡು ಬರ್ತ್‌ಗಳ ನಡುವೆ ಮೂರನೆಯದನ್ನು ಇಟ್ಟರು. ಆಮೇಲೆ ಸಾಮಾನ್ಯ ಸ್ಲೀಪರಿಗೂ ಅದನ್ನೇ ಮಾಡಿ ಎಪ್ಪತ್ತೆರಡನ್ನು ಎಂಬತ್ತೊಂದಕ್ಕೆ ಏರಿಸಿದರು. ಇಲ್ಲಿ ಯಾರಾದರೂ ಆ ಪಕ್ಕದ ನಡು ಬರ್ತ್‌ನಲ್ಲಿ ಮಲಗಿದ್ದೀರಾ? (ಇಬ್ಬರು ಕೈ ಎತ್ತಿದರು. ಒಬ್ಬರು ‘ಮಲಗಲಿಲ್ಲ ಸಾರ್, ಸೇರಿಸಿಟ್ಟಿದ್ದರು’ ಎಂದರು.) ಒಂಬತ್ತೊಂಬತ್ತ್ಲ ಎಂಬತ್ತೊಂದು ಎಂಬುದು ಮಗ್ಗಿಯಲ್ಲಿ ಸರಿ, ಬೋಗಿಯಲ್ಲಿ ತಪ್ಪು. ಬೋಗಿಯ ಎತ್ತರ ಬದಲಾಗಿರಲಿಲ್ಲ, ಚಾವಣಿ ಪಕ್ಕದಲ್ಲಿ ಬಾಗಿಕೊಂಡು ಬರುತ್ತದೆ, ಅಲ್ಲಿ ಮೂರು ಜನ ಹಿಡಿಸುವುದಿಲ್ಲ. ಜನ ಬೈದರು, ಸ್ಲೀಪರಿನಿಂದ ಅದನ್ನು ತೆಗೆದರು. ಉಕ್ಕಿನ ಕವಚವೊಂದು ‘ಇನ್ನು ಸಾಕು’ ಎಂದು ಹೇಳಿದ್ದು ಇದೊಂದು ಸಲ ನಮಗೆಲ್ಲ ಕೇಳಿಸಿತು.

ಇಷ್ಟೆಲ್ಲ ತಾಳಿಕೊಂಡ ಬೋಗಿಯನ್ನು ಕೊನೆಗೆ ತಿಂದದ್ದು ಯಾವುದು ಗೊತ್ತೇ? ಶೌಚಾಲಯ.

ನಗಬೇಡಿ. ಹಳೆಯ ಶೌಚಾಲಯಗಳು ನೇರವಾಗಿ ಹಳಿಯ ಮೇಲೆ ತೆರೆದುಕೊಳ್ಳುತ್ತಿದ್ದವು. ಓಡುವ ರೈಲಿನ ಕೆಳಗಿನ ಗಾಳಿ ಎಲ್ಲವನ್ನೂ ನೆಟ್ಟಗೆ ಕೆಳಗೆ ಬೀಳಲು ಬಿಡುವುದಿಲ್ಲ, ಬೋಗಿಯ ಹೊಟ್ಟೆಗೇ ಎರಚುತ್ತದೆ. ಮೇಲೆ ನೀರು, ಕೆಳಗೆ ಮೂತ್ರ, ನಡುವೆ ಉಕ್ಕು. ಐಸಿಎಫ್ ಬೋಗಿಯನ್ನು ವರ್ಕ್‌ಶಾಪಿನಲ್ಲಿ ಬಿಚ್ಚಿದಾಗ ಮೊದಲು ಕಣ್ಣು ಹಾಯಿಸುವುದು ಶೌಚಾಲಯದ ಸುತ್ತಲಿನ ನೆಲ ಮತ್ತು ಪಕ್ಕದ ಉದ್ದತೊಲೆಗಳ ಮೇಲೆ. ತುಕ್ಕು ಅಲ್ಲಿಂದಲೇ ಶುರು. ಇಲ್ಲಿ ಬೊಂಬಿನ ಉಪಮೆಯನ್ನು ಮತ್ತೆ ತೆಗೆಯಬೇಕು. ಕಮಾನು ಗಾಡಿಯ ಕಮಾನು ಕೊಳೆತರೆ ನೆರಳು ಹೋಗುತ್ತದೆ, ಗಾಡಿ ಓಡುತ್ತದೆ. ಬೊಂಬಿನ ಚರ್ಮ ಕೊಳೆತರೆ ಬೊಂಬೇ ಇಲ್ಲ. ಎಲ್ಲರೂ ಸೇರಿ ಭಾರ ಹೊರುವ ರಚನೆಯಲ್ಲಿ ಒಂದು ಮೂಲೆ ಸೋತರೂ ಉಳಿದವರ ಮೇಲೆ ಹೊರೆ ಬೀಳುತ್ತದೆ. ಮುಂದೆ ತುಕ್ಕು ತಡೆಯುವ ಉಕ್ಕನ್ನು ಬಳಸಿದರು, ಬಣ್ಣ ಬಳಿದರು, ತಗಡು ಕತ್ತರಿಸಿ ತೇಪೆ ಹಾಕಿದರು. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪುಗಳಲ್ಲಿ ಬೆಸುಗೆ ಹಾಕುವವರು ಈ ಬೋಗಿಗಳ ಹೊಟ್ಟೆಯನ್ನು ವೈದ್ಯರಿಗಿಂತ ಚೆನ್ನಾಗಿ ಬಲ್ಲವರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆಗೂಡಿ ಮಾಡಿದ ಜೈವಿಕ ಶೌಚಾಲಯದ ತೊಟ್ಟಿಗಳು ಬಂದದ್ದು ಬಹಳ ತಡವಾಗಿ, ಕಳೆದ ದಶಕದಲ್ಲಿ. ಹಳಿ ಶುಚಿಯಾಯಿತು ಎಂದು ನಾವು ಸಂತೋಷಪಟ್ಟೆವು. ಉಕ್ಕೂ ಪಟ್ಟಿರಬೇಕು.

ಇನ್ನೊಂದು ದೋಷ ಬೋಗಿಗಳನ್ನು ಒಂದಕ್ಕೊಂದು ಕಟ್ಟುವ ವಿಧಾನದಲ್ಲಿತ್ತು. ನಡುವೆ ತಿರುಪು ಹಾಕಿ ಬಿಗಿಯುವ ಕೊಂಡಿ, ಎರಡು ಪಕ್ಕದಲ್ಲಿ ತಟ್ಟೆಯಂಥ ಬಫರುಗಳು. ತಟ್ಟೆಗೆ ತಟ್ಟೆ ಒತ್ತಿಕೊಂಡಿರುವಾಗ ಸುಖ. ದೊಡ್ಡ ಪೆಟ್ಟು ಬಿದ್ದಾಗ ಒಂದು ತಟ್ಟೆ ಇನ್ನೊಂದರ ಮೇಲೆ ಜಾರಿ ಏರುತ್ತದೆ, ಅದರ ಹಿಂದೆ ಬೋಗಿಯೂ ಏರುತ್ತದೆ. ಮರದ ಕಾಲದ ಆ ಸೇರು ಪಾವಿನ ಭೂತ ಪೂರ್ತಿ ಬಿಟ್ಟು ಹೋಗಿರಲಿಲ್ಲ.

1995ರಲ್ಲಿ ರೈಲ್ವೆ ಜರ್ಮನಿಯ ಕಡೆ ತಿರುಗಿತು. ಲಿಂಕೆ, ಹಾಫ್‌ಮನ್, ಬುಶ್ ಎಂಬ ಮೂರು ಹೆಸರು ಸೇರಿದ ಕಂಪನಿ, ಅದೇ ಎಲ್‌ಎಚ್‌ಬಿ. ನಮ್ಮವರು ಅದನ್ನು ರೈಲಿನ ಒಂದು ದರ್ಜೆ ಎಂಬಂತೆ ಉಚ್ಚರಿಸುತ್ತಾರೆ. ಮೊದಲು 24 ಬೋಗಿಗಳನ್ನು ಅಲ್ಲಿಂದಲೇ ತರಿಸಿ, ಆಮೇಲೆ ಪಂಜಾಬಿನ ಕಪೂರ್ಥಲಾದ ಕಾರ್ಖಾನೆಯಲ್ಲಿ ಮಾಡಲು ಕಲಿತೆವು. ಮೈ ಸ್ಟೇನ್‌ಲೆಸ್ ಸ್ಟೀಲಿನದು. ತುಕ್ಕಿನ ಕಥೆಗೆ ಅಲ್ಲಿ ಬಹುಪಾಲು ತೆರೆ. ಬೋಗಿಗಳ ನಡುವೆ ಬಫರಿಲ್ಲ, ಮಧ್ಯದಲ್ಲಿ ಎರಡು ಕೈ ಬೆಸೆದಂತೆ ಹಿಡಿದುಕೊಳ್ಳುವ ಕಪ್ಲರ್, ಸುಲಭಕ್ಕೆ ಒಂದು ಇನ್ನೊಂದರ ಮೇಲೇರಲು ಬಿಡುವುದಿಲ್ಲ. ಕೆಳಗೆ ಇಟಲಿಯ ಫಿಯಟ್ ಮೂಲದ ಚಕ್ರಬಂಡಿ, ನೇತುಹಾಕಿದ ತೊಟ್ಟಿಲೂ ಇಲ್ಲ, ಎಣ್ಣೆಯ ಡ್ಯಾಶ್‌ಪಾಟೂ ಇಲ್ಲ. ಬ್ರೇಕು ಚಕ್ರವನ್ನು ಮುಟ್ಟುವುದಿಲ್ಲ. ಅಚ್ಚಿನ ಮೇಲೆ ಬೇರೆಯೇ ಕೂರಿಸಿದ ಡಿಸ್ಕುಗಳನ್ನು ಹಿಡಿಯುತ್ತದೆ. ಎಡಕುಮೇರಿಯ ಸುಟ್ಟ ವಾಸನೆ ನೆನಪಿಡಿ ಎಂದೆನಲ್ಲ, ಇದಕ್ಕೆ. ವೇಗ ಗಂಟೆಗೆ 160 ಕಿಲೋಮೀಟರ್.

ಮತ್ತೆ ಉದ್ದ: 23.54 ಮೀಟರ್. ಹಳೆಯದಕ್ಕಿಂತ ಎರಡು ಮೀಟರ್ ಚಿಲ್ಲರೆ ಹೆಚ್ಚು. ಎರಡು ಮೀಟರ್ ಎಂದರೆ ಒಂದು ಅಂಕಣ. ಸ್ಲೀಪರಿನಲ್ಲಿ ಒಂಬತ್ತು ಇದ್ದದ್ದು ಹತ್ತಾಯಿತು, ಹತ್ತೆಂಟ್ಲ ಎಂಬತ್ತು. ಎಸಿಯಲ್ಲಿ ಎಂಟು ಇದ್ದದ್ದು ಒಂಬತ್ತಾಯಿತು. ಎಪ್ಪತ್ತೆರಡು ಎಂಬ ಹಳೆಯ ಸಂಖ್ಯೆ ಸ್ಲೀಪರನ್ನು ಬಿಟ್ಟು ಎಸಿಗೆ ವರ್ಗವಾಗಿ ಹೋಯಿತು. ಹಿಂದಿನ ಸಾಲಿನ ಹುಡುಗರೇ, ನಿಮ್ಮ ಉತ್ತರ ಇಲ್ಲಿಂದ ಬಂದದ್ದು. ತೂರಿಸುವ ಚಟವೂ ಬಿಟ್ಟಿಲ್ಲ. 2021ರಲ್ಲಿ ಬಂದ ಎಸಿ ಎಕಾನಮಿ ಬೋಗಿಯ ಮೊದಲ ಮಾದರಿಯಲ್ಲಿ 83 ಬರ್ತ್.

ಒಬ್ಬ ತಾಯಿ ಇಲ್ಲಿ ಕೇಳಿದರು: ‘ಹೊಸ ಬೋಗಿಯಲ್ಲಿ ರೈಲು ಹೊರಡುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತದಲ್ಲ, ಕಾಫಿ ಚೆಲ್ಲುತ್ತದೆ.’ ನಿಜ ಅಮ್ಮಾ. ಹಳೆಯ ಬೋಗಿಯಲ್ಲಿ ತಿರುಪು ಬಿಗಿದು ಬಫರನ್ನು ಒತ್ತಿ ನಿಲ್ಲಿಸುತ್ತಿದ್ದರು, ಸಡಿಲವಿರುತ್ತಿರಲಿಲ್ಲ. ಹೊಸದರ ಕಪ್ಲರಿನ ಹಿಂದೆ ಎಳೆತ, ಒತ್ತಡ ತಾಳುವ ಜೋಡಣೆಯಲ್ಲಿ ಸ್ವಲ್ಪ ಆಟ, ಅಂದರೆ ಸಡಿಲ, ಇತ್ತು. ಇಪ್ಪತ್ತು ಬೋಗಿಗಳ ಸ್ವಲ್ಪ ಸ್ವಲ್ಪ ಆಟ ಸೇರಿದರೆ ಕೊನೆಯ ಬೋಗಿಯಲ್ಲಿ ಗುದ್ದು. ಆಮೇಲೆ ಅದನ್ನು ಸಮತೋಲದ ಮಾದರಿಗೆ ಬದಲಿಸುತ್ತಾ ಬಂದಿದ್ದಾರೆ. ಅಲ್ಲಿಯವರೆಗೆ ಕಾಫಿಯನ್ನು ರೈಲು ಹೊರಟ ಮೇಲೆ ಕೊಳ್ಳಿ.

ಇನ್ನೊಂದು ಬದಲಾವಣೆ ಕಿವಿಗೆ ಸಂಬಂಧಿಸಿದ್ದು. ಐಸಿಎಫ್ ಬೋಗಿ ಅಚ್ಚಿನಿಂದ ಬೆಲ್ಟು ಹಾಕಿ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಿಸುತ್ತಿತ್ತು. ರೈಲು ಎಲ್ಲೋ ಗಂಟೆಗಟ್ಟಲೆ ನಿಂತರೆ ದೀಪ ಮಂಕಾಗುತ್ತಿದ್ದುದು ಅದಕ್ಕೆ. ಎಲ್‌ಎಚ್‌ಬಿ ರೈಲಿಗೆ ತುದಿಯಲ್ಲಿ ಜನರೇಟರ್ ಬೋಗಿ ಸೇರಿಸಿದರು, ನಿಲ್ದಾಣದಲ್ಲಿ ಅದರ ಆರ್ಭಟಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಈಗ ಇಂಜಿನ್ನಿನ ಮೇಲಿನ ತಂತಿಯಿಂದಲೇ ಇಡೀ ರೈಲಿಗೆ ಕರೆಂಟು ಕೊಡುವುದು ಹೆಚ್ಚಾಗಿದೆ.

ಎಲ್‌ಎಚ್‌ಬಿ ಬಂದಮೇಲೂ ಹಳೆಯದನ್ನು ಮಾಡುವುದು ನಿಲ್ಲಲಿಲ್ಲ. ಎರಡು ದಶಕ ಎರಡೂ ಒಟ್ಟಿಗೆ ನಡೆದವು. ಒಂದು ರಾಜಧಾನಿಗೆ, ಇನ್ನೊಂದು ನಮ್ಮಂಥವರಿಗೆ. 2012ರಲ್ಲಿ ಅನಿಲ್ ಕಾಕೋಡ್ಕರ್ ಅವರ ಸುರಕ್ಷತಾ ಸಮಿತಿ ಪೂರ್ತಿ ಎಲ್‌ಎಚ್‌ಬಿಗೆ ಹೋಗಿ ಎಂದಿತು. 2016ರ ನವೆಂಬರ್ 20ರ ಮುಂಜಾವಿನಲ್ಲಿ ಕಾನ್ಪುರದ ಬಳಿಯ ಪುಖರಾಯಾಂನಲ್ಲಿ ಇಂದೋರ್–ಪಟ್ನಾ ಎಕ್ಸ್‌ಪ್ರೆಸ್ ಹಳಿ ತಪ್ಪಿ ನೂರೈವತ್ತರಷ್ಟು ಜನ ಸತ್ತರು. ಅದು ಐಸಿಎಫ್ ಬೋಗಿಗಳ ರೈಲು. 2018ರ ಜನವರಿ 19ರಂದು ಪೆರಂಬೂರಿನಿಂದ ಆ ಮಾದರಿಯ ಕೊನೆಯ ಬೋಗಿ ಹೊರಬಿತ್ತು. ರೈಲ್ವೆ ಮಂಡಳಿ ಆರು ವರ್ಷ ಮೊದಲೇ ನಿರ್ಧಾರ ಮಾಡಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಸಾವಿರಾರು ಬೋಗಿಗಳ ಬದಲಾವಣೆ ಹಣದ ಪ್ರಶ್ನೆ, ಒಪ್ಪುತ್ತೇನೆ. ಆದರೂ ಅನ್ನಿಸುತ್ತದೆ.

‘ಹಾಗಾದರೆ ಬಾಲೇಶ್ವರದಲ್ಲಿ ಆದದ್ದು?’ ಎಂದು ಒಬ್ಬ ಹುಡುಗ ಎದ್ದು ನಿಂತ. ಒಳ್ಳೆಯ ಪ್ರಶ್ನೆ. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸಿಗೆ ಗುದ್ದಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ನಮ್ಮ ರೈಲೂ ಅದರಲ್ಲಿ ಸಿಕ್ಕಿತು. 290ಕ್ಕೂ ಹೆಚ್ಚು ಜನ ಹೋದರು. ಕೋರಮಂಡಲ್‌ನದು ಎಲ್‌ಎಚ್‌ಬಿ ಬೋಗಿಗಳೇ. ಸಿಗ್ನಲ್ ವ್ಯವಸ್ಥೆಯಲ್ಲಿ ಆದ ತಪ್ಪಿನಿಂದ ಪೂರ್ಣ ವೇಗದ ರೈಲು ನಿಂತ ಕಬ್ಬಿಣದ ರಾಶಿಗೆ ಹೋಗಿ ಬಡಿದರೆ ಯಾವ ಬೋಗಿಯೂ ತಾಳುವುದಿಲ್ಲ ಮಗೂ. ಬೋಗಿ ಮಾಡುವವರು ಕೊಡಬಲ್ಲದ್ದು ಒಂದು ಅವಕಾಶ, ಅಷ್ಟೇ.

ಬೆಂಗಳೂರಿಗೆ ಇದರಲ್ಲಿ ಪಾಲಿಲ್ಲವೇ ಎಂದು ಕೇಳುತ್ತೀರಿ. ಇದೆ. ಪೆರಂಬೂರಿಗೂ ಮೊದಲೇ ವಿಮಾನ ಮಾಡುವ ಎಚ್‌ಎಎಲ್‌ನವರು ಬೆಂಗಳೂರಿನಲ್ಲಿ ರೈಲು ಬೋಗಿ ಮಾಡುತ್ತಿದ್ದರು. 1960ರ ದಶಕದಲ್ಲಿ ಆ ವಿಭಾಗ ಬಿಇಎಂಎಲ್‌ಗೆ ಹೋಯಿತು. ವಂದೇ ಭಾರತ್ ಸ್ಲೀಪರಿನ ಮೊದಲ ಮಾದರಿ 2024ರಲ್ಲಿ ಅಲ್ಲಿಂದಲೇ ಹೊರಬಂತು. 1984ರಿಂದ ಯಲಹಂಕದಲ್ಲಿ ಚಕ್ರ ಮತ್ತು ಅಚ್ಚು ತಯಾರಾಗುತ್ತಿವೆ.

ಕೊನೆಯದಾಗಿ, ಹಳೆಯ ಬೋಗಿಗಳು ಎಲ್ಲಿ ಹೋಗುತ್ತವೆ ಎಂದು ಹೇಳಿ ಮುಗಿಸುತ್ತೇನೆ. ಕೆಲವು ನಿಲ್ದಾಣಗಳ ಅಂಗಳದಲ್ಲಿ ಹೋಟೆಲುಗಳಾಗಿವೆ. 2020ರ ಕೊರೊನಾ ಕಾಲದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೋಗಿಗಳನ್ನು ರೋಗಿಗಳ ವಾರ್ಡುಗಳನ್ನಾಗಿ ಮಾಡಿದರು. ಆಗ ಮೊದಲು ಮಾಡಿದ ಕೆಲಸ ನಡು ಬರ್ತ್ ಕಿತ್ತು ಹಾಕಿದ್ದು. ಇನ್ನು ಕೆಲವಕ್ಕೆ ಇನ್ನೊಂದು ಜನ್ಮವಿದೆ. ಪ್ರಯಾಣಿಕರನ್ನು ಹೊರುವ ಆಯಸ್ಸು ಮುಗಿಯುವ ಹೊತ್ತಿಗೆ ಅವುಗಳ ಸೀಟು, ಫ್ಯಾನು, ಶೌಚಾಲಯ ಎಲ್ಲ ಕಿತ್ತು, ಕಿಟಕಿಗಳಿಗೆ ತಗಡು ಬೆಸೆದು, ಎರಡು ತುದಿಯ ಗೋಡೆಗಳನ್ನು ಬಾಗಿಲು ಮಾಡುತ್ತಾರೆ. ಆ ಬಾಗಿಲಿನಿಂದ ಹೊಸ ಕಾರುಗಳನ್ನು ಒಳಕ್ಕೆ ಓಡಿಸಿ, ಒಂದು ಬೋಗಿಯಿಂದ ಮುಂದಿನದಕ್ಕೆ ದಾಟಿಸುತ್ತಾ ರೈಲಿನ ಉದ್ದಕ್ಕೂ ನಿಲ್ಲಿಸುತ್ತಾರೆ. ಎನ್‌ಎಂಜಿ ಎಂದು ಕರೆಯುತ್ತಾರೆ. ಕ್ರಾಸಿಂಗಿನಲ್ಲಿ ಇಂಥ ರೈಲೊಂದು ಎದುರಾದರೆ ಸರಿಯಾಗಿ ನೋಡಿ. ಬಣ್ಣ ಬದಲಾಗಿರುತ್ತದೆ, ಆದರೆ ಕಿಟಕಿಗಳಿದ್ದ ಕಡೆ ತಗಡಿನ ಚೌಕಗಳ ಅಂಚು ಕಾಣುತ್ತದೆ. ಸಾಲಾಗಿ ಎಣಿಸುತ್ತಾ ಹೋದರೆ ಅಂಕಣಗಳೂ ಸಿಗುತ್ತವೆ.